ಗಾಳದ ಕೋಲಿನ ಅಟ್ಟಣಿಗೆ

ಯಮನೂರಪ್ಪನ ಮನೆಯಲ್ಲಿ ಆವತ್ತು ಮುಂಜಾನೆ ಎದ್ದ ಜಗಳಕ್ಕೆ ಕಾರಣ ಒಂದು ತುಂಬಿದ ಕೊಡ. ಕೊಡದ ತಪ್ಪೇನೂ ಇರಲಿಲ್ಲ ಬಿಡಿ. ಅದು ಪಾಪ, ಭೀಮಕ್ಕನ ಸೊಂಟದ ಮೇಲೆ ಕೂತು ಹೊಳೆಯಿಂದ ಮನೆತನಕ ಸುಖವಾಗಿಯೇ ಬಂದಿತ್ತು. ಆದರೆ ಪಡಸಾಲೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಗಾಳದ ಕೋಲುಗಳು ಅಷ್ಟರಲ್ಲಿ ಜಾರಿ ಹೊಸ್ತಿಲಿಗೆ ಅಡ್ಡ ಮಲಗಿದ್ದವು. ಭೀಮಕ್ಕ ಎಡವಿದಳು. ಕೊಡ ಒಂದು ಕಡೆ, ಭೀಮಕ್ಕ ಒಂದು ಕಡೆ, ನೀರು ಎಲ್ಲಾ ಕಡೆ.

ಒಳಗಿನಿಂದ ಓಡಿ ಬಂದ ಯಮನೂರಪ್ಪ ಹೆಂಡತಿಯನ್ನು ಹಿಡಿದೆತ್ತಬೇಕಿತ್ತು. ಪೆಟ್ಟಾಯಿತೇ ಅಂತಾದರೂ ಕೇಳಬೇಕಿತ್ತು. ಲೋಕದ ಗಂಡಂದಿರು ಅಷ್ಟು ಮಾಡುತ್ತಾರೆ. ಈ ಪುಣ್ಯಾತ್ಮ ಕೇಳಿದ್ದೇ ಬೇರೆ.

"ಲೇ ಭೀಮಿ, ಕೋಲ ದಾಟಿದೇನ?"

(ಹೆಂಗಸರು ದಾಟಿದ ಕೋಲಿಗೆ ಮೀನು ಹತ್ತುವುದಿಲ್ಲ ಎಂಬುದು ಅವನ ನಂಬಿಕೆ. ಅವನ ಅಪ್ಪನ ನಂಬಿಕೆಯೂ ಅದೇ ಆಗಿತ್ತು. ಮೀನುಗಳನ್ನು ಯಾರೂ ಕೇಳಿರಲಿಲ್ಲ.)

ಭೀಮಕ್ಕ ನೀರಿನಲ್ಲಿ ಕೂತಲ್ಲಿಂದಲೇ ಗಂಡನನ್ನು ಕೆಳಗಿನಿಂದ ಮೇಲಿನತನಕ ನೋಡಿದಳು. "ನಾ ಎಲ್ಲಿ ದಾಟಲ್ರಿ? ಅವ ನನ್ನ ಕೆಡವಿ ನನ್ನ ಮ್ಯಾಲೆ ಹಾದು ಹೋಗ್ಯಾವ! ಹೆಂತಿ ಸೊಂಟಾ ಮುರದ್ರ ಅಡ್ಡಿಲ್ಲ, ಕೋಲ ಮೈಲಿಗಿ ಆಗಬಾರದು. ಹೌದಿಲ್ಲೋ?"

"ಹಂಗಲ್ಲ ಭೀಮಿ, ಅಪ್ಪನ ಕೋಲ ಅದು..."

"ನಿಮ್ಮಪ್ಪ ಇದ್ದಿದ್ರ ಸೊಸಿ ಕೈ ಹಿಡದು ಎಬ್ಬಸ್ತಿದ್ದ!"

ಯಮನೂರಪ್ಪ ಆಗ ಕೈ ಕೊಟ್ಟ. ಅವಳು ಕೈ ಹಿಡಿಯದೆ ಗೋಡೆ ಹಿಡಿದು ಎದ್ದಳು. ಎದ್ದವಳ ಕಣ್ಣು ಕಂಡಾಗಲೇ ಅವನಿಗೆ ಗೊತ್ತಾಯಿತು, ಇದು ಬರೀ ಒಂದು ಕೊಡ ನೀರಿನಲ್ಲಿ ಮುಗಿಯುವ ಜಗಳವಲ್ಲ.

ಯಮನೂರಪ್ಪ ಹೊಳೆದಂಡೆಯ ಸುಂಕದ ನಾಕಾದಲ್ಲಿ ಜವಾನ. ಹೊಳೆಯ ಈ ದಂಡೆ ನಿಜಾಮರದು, ಆ ದಂಡೆ ಇಂಗ್ಲಿಷರದು, ನಡುವೆ ಹರಿಗೋಲು. ಹರಿಗೋಲಿನಲ್ಲಿ ಬಂದ ಸರಕನ್ನು ತಡೆದು ಸಾಹೇಬರಿಗೆ ತೋರಿಸುವುದು ಅವನ ಕೆಲಸ. ಹರಿಗೋಲು ಬರುವುದು ಅಪರೂಪ. ಉಳಿದ ಹೊತ್ತೆಲ್ಲ ಅವನೂ ಜೊತೆಯ ಜವಾನ ಉಮರಸಾಬನೂ ಬಂಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದರು. ಸರ್ಕಾರ ತನ್ನನ್ನು ಮೀನು ಹಿಡಿಯಲಿಕ್ಕೇ ನೇಮಿಸಿದೆ, ನಡುನಡುವೆ ಸುಂಕದ ಕಿರಿಕಿರಿ ಅಷ್ಟೇ ಎಂದು ಯಮನೂರಪ್ಪ ತಿಳಿದಿದ್ದ. ಭೀಮಕ್ಕನಿಗೂ ಮೀನಿನ ಸಾರಿನ ಮೇಲೆ ಸಿಟ್ಟಿರಲಿಲ್ಲ. ಎರಡು ಸಲ ಬಡಿಸಿಕೊಳ್ಳುತ್ತಿದ್ದಳು. ಅವಳ ಸಿಟ್ಟೆಲ್ಲ ಕೋಲಿನ ಮೇಲೆ. ಒಲೆಯ ಹಿಂದೆ ಕೋಲು, ಹಾಸಿಗೆಯ ಪಕ್ಕ ಕೋಲು, ಜೋಳದ ಚೀಲದ ಮೇಲೆ ಕೋಲು. ಅವುಗಳಲ್ಲಿ ಒಂದು ಅವನ ಅಪ್ಪನದು. ಆ ಬಿದಿರು ಅಪ್ಪನ ಕೈಯ ಬೆವರು ಕುಡಿದು ಕುಡಿದು ಎಣ್ಣೆ ಹಚ್ಚಿದ ಹಾಗೆ ಕಪ್ಪಗಾಗಿತ್ತು. ಅದನ್ನು ಹಿಡಿದು ಕೂತಾಗ ಅಪ್ಪ ಪಕ್ಕದಲ್ಲೇ ಕೂತು "ಎಳೀಬ್ಯಾಡ, ಇನ್ನಾ ನುಂಗಲಿ" ಎಂದು ಪಿಸುಗುಟ್ಟಿದ ಹಾಗೆ ಅನ್ನಿಸುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ, ಹೆಂಡತಿಯ ಮುಂದಂತೂ ಇಲ್ಲ.

"ಕೇಳ್ರಿಲ್ಲೆ," ಭೀಮಕ್ಕ ಸೆರಗು ಹಿಂಡುತ್ತ ಹೇಳಿದಳು. "ಅಮಾಸಿಗೆ ನನ್ನ ತಮ್ಮ ಕನಕಪ್ಪ ಕುಷ್ಟಗಿಯಿಂದ ಬಂಡಿ ಹೂಡ್ಕೊಂಡು ಬರಾವ ಅದಾನ. ಹೀರಿಬಳ್ಳಿ ಹಂದರಕ್ಕ ಬಿದಿರ ಸಿಗವಲ್ದು ಅಂತ ಹೋದ ಸಲಾನ ಅಳಾಕತ್ತಿದ್ದ. ಅಮಾಸಿ ಹೊತ್ತ ಮುಳಗೂದ್ರಾಗ ಈ ಮನಿ ನೆಲದ ಮ್ಯಾಲೆ ಕಂಡ ಕೋಲೆಲ್ಲಾ ಅವನ ಬಂಡಿಗೆ. ಹುಲಿಗೆವ್ವನ ಆಣಿ!"

"ಆಣಿ ಹಾಕಬ್ಯಾಡ ಭೀಮಿ!"

"ಹಾಕಿ ಆತು."

ಯಮನೂರಪ್ಪನಿಗೂ ರೋಷ ಬಂತು. "ಹಂಗಾರ ನಂದೂ ಕೇಳ. ಅಮಾಸಿದ್ರಾಗ ಈ ಪಡಸಾಲ್ಯಾಗ ನಿನ್ನ ತಲಿಗಿಂತ ಎತ್ತರದ ಅಟ್ಟಣಿಗಿ ನಿಲ್ಲತೈತಿ. ನನ್ನ ಕೈಲೆ! ಬಡಿಗ್ಯಾನ ಕೈ ಹತ್ತಿಸಿದ್ರ ನನ್ನ ಯಮನೂರಪ್ಪ ಅಂತ ಕರೀಬ್ಯಾಡ!"

(ಭೀಮಕ್ಕ ಹೇಗೂ ಗಂಡನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆದ್ದರಿಂದ ಈ ಘೋರ ಪ್ರತಿಜ್ಞೆಯಲ್ಲಿ ಅವನು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.)

ಪಕ್ಕದ ಮನೆಯವನೇ ಬಡಿಗೇರ ಕಾಳಪ್ಪ. ಎರಡೂ ಮನೆಗೆ ಒಂದೇ ಗೋಡೆ. ಕೆಲಸಗಾರ ಒಳ್ಳೆಯವನೇ, ಆದರೆ ಅವನಿಗೆ ತೊಟ್ಟಿಲು ಹೇಳಿದರೆ ಅದು ಮನೆಗೆ ಬರುವ ಹೊತ್ತಿಗೆ ಕೂಸು ಗಳೆ ಹೊಡೆದು ಹೊಲ ಉಳುವಷ್ಟು ದೊಡ್ಡದಾಗಿರುತ್ತಿತ್ತು. ಅಮಾವಾಸ್ಯೆಯೊಳಗೆ ಅವನು ಕೆಲಸಕ್ಕೆ ಹೂಂ ಅನ್ನುವುದೇ ಕಷ್ಟ. ಆದ್ದರಿಂದ ಪ್ರತಿಜ್ಞೆ ಮಾಡಿದ್ದೇ ಒಳ್ಳೆಯದಾಯಿತು ಎಂದುಕೊಂಡು ಯಮನೂರಪ್ಪ ಕಾಸೆ ಕಟ್ಟಿದ.

ಮೊದಲು ಗೋಡೆಗೆ ಗೂಟ ಹೊಡೆದು ಅದರ ಮೇಲೆ ಕೋಲು ಸಾಲಾಗಿ ಇಡುವುದೆಂದು ಯೋಚಿಸಿದ. ಅದು ಲಡಾಯಿಯ ಕಾಲ. ಕಬ್ಬಿಣವೆಲ್ಲ ತೋಪಿಗೆ ಹೋಗುತ್ತದಂತೆ ಎಂದು ಗಂಗಾವತಿಯ ಅಂಗಡಿಯವರು ಮೊಳೆ ಕೇಳಿದವರ ಮುಖ ನೋಡಿ ನಗುತ್ತಿದ್ದರು. ಯಮನೂರಪ್ಪನೇನು ಕಡಿಮೆ? ಜಾಲಿಯ ಕಟ್ಟಿಗೆ ಕಡಿದು, ತುದಿ ಚೂಪು ಮಾಡಿ, ಮೊದಲನೆಯ ಗೂಟವನ್ನು ಮಣ್ಣಿನ ಗೋಡೆಗಿಟ್ಟು ಕೊಡತಿಯಿಂದ ಬಾರಿಸತೊಡಗಿದ. ಗೋಡೆಯ ಮಣ್ಣು ಅಂಬಲಿಯ ಗಡಿಗೆಗೆ ಉದುರಿತು. ಭೀಮಕ್ಕ ಗಡಿಗೆ ಎತ್ತಿಕೊಂಡು ಒಳಗೆ ಹೋದಳು. ಯಮನೂರಪ್ಪನಿಗೆ ಇನ್ನೂ ಜೋರು ಬಂತು. ಮತ್ತೆ ಬಾರಿಸಿದ. ಗೂಟ ಬೆಣ್ಣೆಯೊಳಗೆ ಹೋದ ಹಾಗೆ ಸರ್ರನೆ ಒಳಗೆ ಹೋಯಿತು.

"ನೋಡಿದೇನ? ಹೆಂಗ ಕುಂತೈತಿ!" ಎಂದು ಅವನು ಎದೆ ಉಬ್ಬಿಸುವಷ್ಟರಲ್ಲಿ ಗೋಡೆಯ ಆಚೆಯಿಂದ ಕಾಳಪ್ಪನ ದನಿ ಕೇಳಿತು.

"ಯಮನೂರಪ್ಪಾ, ಛಲೋ ಹೊಡದೀ ನೋಡು! ನಮ್ಮ ಕಡಿ ಒಂದ ಗೇಣ ಬಂದೈತಿ. ನನ್ನ ರುಮಾಲ ಹಾಕಾಕ ಒಂದ ಗೂಟಾ ಇರಲಿಲ್ಲೋ ಮಾರಾಯಾ. ಇನ್ನೊಂದ ಅದರ ಬಾಜೂಕ ಹೊಡಿ, ಅಂಗಿಗೂ ಆಕೈತಿ."

ಒಳಗಿನಿಂದ ಭೀಮಕ್ಕ ನಕ್ಕ ಸದ್ದು ಕೇಳಿತು. ಯಮನೂರಪ್ಪ ಗೂಟ ಹಿಡಿದು ಜಗ್ಗಿದ. ಆ ಕಡೆ ಆಗಲೇ ರುಮಾಲು ಕೂತಿತ್ತು. "ಏ, ಜಗ್ಗಬ್ಯಾಡೋ, ರುಮಾಲ ಬೀಳತೈತಿ!" ಎಂದು ಕಾಳಪ್ಪ ಕೂಗಿದ. ಗೂಟ ಅಲ್ಲೇ ಉಳಿಯಿತು, ಕಾಳಪ್ಪನ ಸೇವೆಗೆ.

ಗೋಡೆ ಕೈಕೊಟ್ಟರೆ ನೆಲವಿದೆಯಲ್ಲ! ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬಂಡಿಯ ಮೂಕಿಯನ್ನು ಕೊಯ್ದು ಯಮನೂರಪ್ಪ ಎರಡು ಕಂಬ ಮಾಡಿದ. ಕಂಬಕ್ಕೆ ತೂತು ಕೊರೆದು ಸಾಲಾಗಿ ಗೂಟ ಬಡಿದ. ಕೊಟ್ಟಿಗೆಯ ಹಳೆಯ ಕದ ಕಿತ್ತು ಎರಡೂ ಕಂಬದ ತಲೆಯ ಮೇಲೆ ಹಲಗೆಯಾಗಿ ಕೂರಿಸುವುದೆಂದು ತೀರ್ಮಾನಿಸಿದ. ಕೆಳಗಿನ ಗೂಟದ ಮೇಲೆ ಕೋಲು, ಮೇಲಿನ ಹಲಗೆಯ ಮೇಲೆ ದಾರ, ಗಾಳ, ಎರೆಹುಳದ ಡಬ್ಬಿ. ಅಷ್ಟುದ್ದದ ಕೋಲು ಮಲಗಲು ಬಾಗಿಲಿನ ಎದುರಿನ ಗೋಡೆಯೊಂದೇ ಸಾಲುತ್ತಿತ್ತು. ಅಲ್ಲಿ, ಭೀಮಕ್ಕ ಹಿಂದಿನ ದಿನವಷ್ಟೇ ಸೆಗಣಿಯಿಂದ ಸಾರಿಸಿದ್ದ ನೆಲದಲ್ಲಿ, ಹಾರೆ ಹಾಕಿ ಎರಡು ಕುಣಿ ತೋಡಿದ.

"ಅಯ್ಯಯ್ಯ, ಇದೇನ್ರಿ! ಮನೀ ಒಳಗ ಬಾಂವಿ ತೋಡಾಕತ್ತೀರೇನ?" ಎನ್ನುತ್ತ ಭೀಮಕ್ಕ ಓಡಿ ಬಂದಳು.

"ಕಂಬ ನಡತೀನಿ. ಒಮ್ಮೆ ನಟ್ಟೆ ಅಂದ್ರ ಮುಗೀತು. ಇದು ಇನ್ನ ಈ ಜಾಗಾ ಬಿಟ್ಟು ಅಲುಗಂಗಿಲ್ಲ. ಹುಲಿಗೆವ್ವನs ಬಂದು ಹೇಳಿದ್ರೂ ಅಲುಗಂಗಿಲ್ಲ!"

"ತಗೀರಿ ಬಾಯಾಗಿನ ಮಾತು!" ಭೀಮಕ್ಕ ಗಲ್ಲ ಗಲ್ಲ ಬಡಿದುಕೊಂಡಳು. "ಮತ್ತ ಮನ್ಯಾಗ ಕಂಬ ನಡೂದು ಹಿಂಗ ಏನ್ರಿ? ಕುಣಿಗೆ ಹಾಲ ತುಪ್ಪ ಬ್ಯಾಡೇನ? ಅರಿಷಿಣ ಕುಂಕುಮ ಬ್ಯಾಡೇನ? ನಾಳೆ ಮನಿಗೆ ಏನರ ಆದ್ರ?"

"ಇದು ಗಾಳದ ಕೋಲಿನ ಕಂಬ ಅದಲ್ಲs!"

"ಯಾವ ಕಂಬ ಆದ್ರೂ ಭೂಮಿತಾಯಿ ಒಬ್ಬಾಕೀನ."

ಯಮನೂರಪ್ಪ ಹಾರೆ ಕೆಳಗಿಟ್ಟ. ಭೀಮಕ್ಕ ಹಾಲು ತುಪ್ಪ ತಂದಳು, ಇಬ್ಬರೂ ಕೂಡಿ ಎರೆದರು, ಅವಳು ಕಂಬಕ್ಕೆ ಕುಂಕುಮ ಇಟ್ಟಳು, ಅವನು ಕಾಯಿ ಒಡೆದ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಇಬ್ಬರಿಗೂ ಖುಷಿಯಾಗಿ ಆ ಹೊತ್ತಿಗೆ ಜಗಳ ಮರೆತು ಒಂದೊಂದು ಚೂರು ತಿಂದರು.

ಇನ್ನು ಗೆದ್ದಲಿನ ಭಯ. ಅಪ್ಪನ ಕೋಲಿನ ಬುಡವನ್ನು ಗೆದ್ದಲು ಆಗಲೇ ಒಂದಿಷ್ಟು ರುಚಿ ನೋಡಿತ್ತು. ಗೆದ್ದಲಿಗೆ ಸುಣ್ಣ ಬಳಿಯಬೇಕು ಎಂದು ಯಮನೂರಪ್ಪ ಬಳಿಯತೊಡಗಿದ. ಅರ್ಧಕ್ಕೆ ಸುಣ್ಣ ತೀರಿತು. ಕಾಳಪ್ಪ ತನ್ನ ಗೂಟದ ಋಣ ತೀರಿಸಲೋ ಎಂಬಂತೆ ಬಾಗಿಲಲ್ಲಿ ನಿಂತು, "ನಡುನಡುವು ಕೆಮ್ಮಣ್ಣ ಬಳಿಯೋ, ಹುಳಾ ಹತ್ತಂಗಿಲ್ಲ" ಎಂದ. (ಬರೀ ಬಾಯಿ ಮಾತು. ಬಡಿಗನ ಕೈ ಹತ್ತಲಿಲ್ಲ, ಪ್ರತಿಜ್ಞೆಗೆ ಭಂಗವಿಲ್ಲ.) ಹಾಗಾಗಿ ಕಂಬಕ್ಕೂ ಹಲಗೆಗೂ ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು ಬಂತು. ಇರುವೆ, ನುಸಿ ಬಾರದಿರಲೆಂದು ಹಲಗೆಯ ಅಂಚಿಗೆ ಬೇವಿನ ತೊಪ್ಪಲಿನ ಗೊಂಚಲು ಕಟ್ಟಿದ. ದೂರ ನಿಂತು ನೋಡಿದ. ತಾನೇ ಮಾಡಿದ್ದೆಂದು ನಂಬಲಾಗದಷ್ಟು ಚೆಂದ ಕಂಡಿತು. ಎಲ್ಲೋ ನೋಡಿದ ಹಾಗೂ ಅನ್ನಿಸಿತು. ಎಲ್ಲಿ ಎಂಬುದು ಮಾತ್ರ ನೆನಪಾಗಲಿಲ್ಲ. ಮನುಷ್ಯನಿಗೆ ನೆನಪಾಗಬೇಕಾದ್ದು ಸರಿಯಾದ ವೇಳೆಗೆ ನೆನಪಾಗಿದ್ದರೆ ಲೋಕದಲ್ಲಿ ಹಾಸ್ಯಕ್ಕೆ ಜಾಗವೆಲ್ಲಿ?

ಅಮಾವಾಸ್ಯೆ ಬಂತು, ಕನಕಪ್ಪನ ಬಂಡಿಯೂ ಬಂತು. ಅಕ್ಕ ಹೇಳಿ ಕಳಿಸಿದ್ದಳೆಂದು ಬಂಡಿಯಲ್ಲಿ ಕೋಲು ಕಟ್ಟಲು ಹಗ್ಗ ಬೇರೆ ತಂದಿದ್ದ. ಒಳಗೆ ಬಂದು ಅಟ್ಟಣಿಗೆ ನೋಡಿದವನೇ ಮೋರೆ ಸಣ್ಣದು ಮಾಡಿದ.

"ಮಾವಾ, ಇದನ್ನ ನೀವ ಮಾಡಿದ್ರಾ?"

"ನಾನ. ಜೋತುಬಿದ್ದು ನೋಡೋ ಬೇಕಾದ್ರ!"

ಕನಕಪ್ಪ ಬಿಡುವ ಆಸಾಮಿಯಲ್ಲ. ನಿಜವಾಗಿಯೂ ಹಲಗೆ ಹಿಡಿದು ಜೋತುಬಿದ್ದ. ಕಾಲು ಮಡಚಿ ತೂಗಾಡಿದ. ಅಟ್ಟಣಿಗೆ ಮಿಸುಕಲಿಲ್ಲ. ಗೂಟದ ಮೇಲಿನ ಕೋಲುಗಳೂ ಅಲುಗಲಿಲ್ಲ. ಭೀಮಕ್ಕ ಹೋಳಿಗೆಯ ಹಿಟ್ಟಿನ ಕೈಯಲ್ಲೇ ಬಂದು ಅದನ್ನು ನೋಡಿದಳು. "ಸೋತೆ ಮಾರಾಯ್ರ," ಎಂದಳು. "ಛಲೋ ಮಾಡೀರಿ. ಸುಳ್ಳ ಯಾಕ ಹೇಳ್ಲಿ?"

ಮದುವೆಯಾದ ಮೇಲೆ ಹೆಂಡತಿಯ ಬಾಯಲ್ಲಿ ಆ ಮಾತು ಕೇಳಿದ್ದು ಯಮನೂರಪ್ಪನಿಗೆ ಅದೇ ಮೊದಲು. ಮೀಸೆಯ ಮೇಲೆ ಕೈ ಹೋಯಿತು. ಕೈ ಇನ್ನೂ ಮೀಸೆಯ ಮೇಲಿರುವಾಗಲೇ ಬಾಗಿಲಲ್ಲಿ ಚೌಡಿಕೆಯ ತಂತಿ ಮಿಡಿದ ಸದ್ದಾಯಿತು.

"ಹುಲಿಗೆವ್ವ ನಿನ್ನ ಪಾದಕ ಉಧೋ ಉಧೋ!"

ಜೋಗತಿ ಸಣ್ಣವ್ವ. ಹಣೆತುಂಬ ಅರಿಸಿನದ ಭಂಡಾರ, ತಲೆಯ ಮೇಲೆ ಅವ್ವನ ಮೂರ್ತಿಯಿದ್ದ ಬುಟ್ಟಿ, ಪಡಲಗಿ. ಅಮಾವಾಸ್ಯೆಗೆ ಮನೆ ಮನೆಗೆ ಪಡಲಗಿ ಹೊತ್ತು ಬಂದು ಜೋಗ ಬೇಡುವವಳು. ಭೀಮಕ್ಕ ಮೊರದಲ್ಲಿ ಜೋಳ ತಂದಳು. ಸಣ್ಣವ್ವನಿಗೆ ಬಿಸಿಲಿನಲ್ಲಿ ನಡೆದು ಕುತ್ತಿಗೆ ಸೋತಿತ್ತು. ಪಡಲಗಿಯನ್ನು ಬರಿಯ ನೆಲಕ್ಕೆ ಇಳಿಸುವಂತಿಲ್ಲ. "ಯವ್ವಾ, ಒಂದ ಮಣಿ ಕೊಡು, ಅವ್ವನ್ನ ಒಂದ ಗಳಿಗಿ ಇಳಸ್ತೀನಿ," ಎನ್ನುತ್ತ ಒಳಗೆ ಕಾಲಿಟ್ಟವಳು, ಅಲ್ಲೇ ನಿಂತುಬಿಟ್ಟಳು. ಅವಳ ಕಣ್ಣು ಎದುರಿನ ಗೋಡೆಯ ಮೇಲಿತ್ತು.

"ಎಂಥಾ ಜಗಲಿ ಕಟ್ಟೀರವ್ವಾ ನಮ್ಮವ್ವಗ!"

ಯಮನೂರಪ್ಪನಿಗೆ ಆಗ ನೆನಪಾಯಿತು, ಇದನ್ನು ಎಲ್ಲಿ ನೋಡಿದ್ದೇನೆಂಬುದು. ಕೆಂಪು ಬಿಳಿ ಪಟ್ಟೆ, ಬೇವಿನ ತೋರಣ, ತಲೆಗಿಂತ ಎತ್ತರದ ಹಲಗೆ. ಊರೂರಿನ ಗುಡಿಯಲ್ಲಿ, ದೇವಿಯನ್ನು ಕೂರಿಸುವ ಜಗಲಿಗೆ ಇವನ್ನೇ ನೋಡಿದ್ದ.

"ಜೋಗವ್ವಾ, ಅದು ಜಗಲಿ ಅಲ್ಲ. ಗಾಳದ ಕೋಲ ಇಡಾಕ ಮಾಡೇನಿ..."

"ಪಟ್ಟಿ ಯಾರ ಬಳದ್ರು ತಮ್ಮಾ?"

"ನಾನ. ಗೆದ್ದಲಕ್ಕ."

"ಬೇವ ಯಾರ ಕಟ್ಟಿದ್ರು?"

"ನಾನ. ಇರಿವಿಗೆ."

"ಕುಣಿಗೆ ಹಾಲ ತುಪ್ಪ ಎರದಿರೇನ?"

ಯಮನೂರಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಅಟ್ಟಣಿಗೆ ನೋಡಿದಳು. ಅವಳ ಕಣ್ಣು ಆಗಲೇ ಹನಿಗೂಡಿತ್ತು.

"ಎರದೀವವ್ವಾ," ಎಂದಳು ಭೀಮಕ್ಕ. "ಕಾಯೀನೂ ಒಡದ್ರು. ಸರಿ ಎರಡ ಹೋಳಾತು."

"ಹಂಗಾರ ಕೇಳತೀಯೇನ? ನಿನ್ನ ಗಂಡನ ಕೈಲೆ ಅವ್ವನs ಮಾಡಿಸ್ಯಾಳ!" ಸಣ್ಣವ್ವ ನೆಟ್ಟಗೆ ನಡೆದು ಹೋಗಿ, ಎರೆಹುಳದ ಡಬ್ಬಿಯನ್ನು ಮೊಣಕೈಯಿಂದ ಸರಿಸಿ ಕೆಡವಿ, ಪಡಲಗಿಯನ್ನು ಹಲಗೆಯ ನಡುವೆ ಇಟ್ಟಳು. ಅದಕ್ಕೆಂದೇ ಅಳತೆ ಮಾಡಿದ ಹಾಗೆ ಕೂತಿತು. ಭಂಡಾರ ತೂರಿ, ಕಣ್ಣು ಮುಚ್ಚಿ, ಮೈ ಸಣ್ಣಗೆ ನಡುಗಿಸಿ ಹೇಳಿದಳು. "ಅವ್ವಗ ಒಪ್ಪಿಗಿ ಆಗೇತಿ. ಇನ್ನ ಈ ಜಾಗಾ ಬಿಟ್ಟು ಅಲುಗಂಗಿಲ್ಲ ಅಂತಾಳ. ಅಮಾಸಿಗೊಮ್ಮೆ ನನ್ನ ಪಡಲಗಿ ಇಲ್ಲೇ ಇಳೀತೈತಿ, ಉಳದ ದಿನ ದೀಪಾ ಹಚ್ಚರಿ. ಅವ್ವನ ಪಾದದ ಬುಡಕ ಮೀನದ ವಾಸನಿ ಬ್ಯಾಡ. ಆ ಕೋಲ ತಗದು ಹಾಕ್ರಿ."

ಯಮನೂರಪ್ಪನ ಮಾತೇ ದೇವಿಯ ಬಾಯಿಂದ ತಿರುಗಿ ಬಂದಿತ್ತು. ದೇವರೊಡನೆ ವಾದ ಮಾಡುವಷ್ಟು ಅವನು ದೊಡ್ಡವನಲ್ಲ. ಒಂದೊಂದೇ ಕೋಲು ಇಳಿಸಿ ನೆಲಕ್ಕಿಟ್ಟ. ಒಂದೊಂದು ನೆಲ ಮುಟ್ಟಿದಾಗಲೂ ಕನಕಪ್ಪನ ಮೋರೆ ಒಂದೊಂದು ಸುತ್ತು ಅರಳಿತು.

"ಅಕ್ಕಾ, ಹೊತ್ತ ಇನ್ನಾ ಮುಳಗಿಲ್ಲ. ಕೋಲ ನೆಲಕ್ಕ ಬಂದ್ವು ನೋಡs."

"ಭೀಮೀ!" ಎಂದ ಯಮನೂರಪ್ಪ.

"ನಾ ಏನ್ ಮಾಡ್ಲಿರಿ?" ಭೀಮಕ್ಕನಿಗೆ ನಿಜವಾಗಿಯೂ ಕನಿಕರವಾಗಿತ್ತು. "ಆಣಿ ಹಾಕೀನಿ. ಆಣಿ ಹಾಕಿದಾಕಿ ಎದುರಿಗೆ ಬಂದು ಕುಂತಾಳ. ಹೆಂಗ ತಪ್ಪಲಿ?"

ಯಮನೂರಪ್ಪನ ಕೈಯಲ್ಲಿ ಉಳಿದಿದ್ದುದು ಒಂದೇ, ಅಪ್ಪನ ಕೋಲು. ಅದನ್ನೂ ಇಡಲು ಬಗ್ಗಿದವನು ಗಕ್ಕನೆ ನಿಂತ. "ಇದು ನೆಲಕ್ಕ ಹತ್ತಿಲ್ಲ!" ಎಂದು ಕೂಗಿದ. "ನೆಲದ ಮ್ಯಾಲೆ ಕಂಡದ್ದು ಅಂತ ಆಣಿ. ಇದು ನನ್ನ ಕೈಯಾಗ ಐತಿ. ಹೊತ್ತ ಮುಳಗೂತನಕ ಕೈಯಾಗ ಇರತೈತಿ!"

ಕನಕಪ್ಪ ತಲೆ ಕೆರೆದುಕೊಂಡ. ನ್ಯಾಯ ನ್ಯಾಯವೇ. "ಆತು ಮಾವಾ. ಕೈ ಬಿಟ್ರಿ ಅಂದ್ರ ನಂದು," ಎಂದು ಉಳಿದ ಕೋಲುಗಳನ್ನು ಬಂಡಿಗೆ ಕಟ್ಟಿ, ಬಂಡಿಯ ಮೇಲೆ ಅಡ್ಡಾಗಿ, ಒಂದು ಕಣ್ಣು ತೆರೆದಿಟ್ಟುಕೊಂಡು ಕಾಯುತ್ತ ಮಲಗಿದ.

ಯಮನೂರಪ್ಪ ಬಾಗಿಲ ಪಕ್ಕದಲ್ಲಿ ಕೋಲನ್ನು ಎರಡೂ ಕೈಯಲ್ಲಿ ನೆಟ್ಟಗೆ ಎತ್ತಿ ಹಿಡಿದು ನಿಂತ. ಬಿಸಿಲು ಏರಿತು, ತೋಳು ಸೋತಿತು, ಮೂಗಿನ ಮೇಲೆ ನೊಣ ಕೂತಿತು. ನೊಣವನ್ನೂ ಓಡಿಸಲಿಲ್ಲ. ಭೀಮಕ್ಕ ಹೋಳಿಗೆ ಮುರಿದು ಬಾಯಿಗೆ ಇಡುತ್ತ, "ಸಾಕ ಬಿಡ್ರಿ, ತೋಳ ನಡಗಾಕತ್ಯಾವ," ಎಂದಳು. "ಅಪ್ಪಂದು ಭೀಮಿ," ಎಂದ ಅವನು ಹೋಳಿಗೆ ತುಂಬಿದ ಬಾಯಲ್ಲೇ. ಅವಳು ಮತ್ತೆ ಬಿಡಿರೆಂದು ಹೇಳಲಿಲ್ಲ, ಇನ್ನಷ್ಟು ತುಪ್ಪ ಹಾಕಿದಳು.

ಅಷ್ಟರಲ್ಲಿ ಸಣ್ಣವ್ವನ ಬಾಯಿಂದ ಸುದ್ದಿ ಓಣಿ ದಾಟಿತ್ತು. ಯಮನೂರಪ್ಪನ ಮನೆಯಲ್ಲಿ ಅವ್ವ ಕೂತಿದ್ದಾಳಂತೆ! ಆರತಿ ತಟ್ಟೆ, ಬಳೆ, ಕುಬುಸದ ಕಣ ಹಿಡಿದು ಹೆಂಗಸರು ಸಾಲುಗಟ್ಟಿದರು. ಬಂದವರಿಗೆ ಬಾಗಿಲಲ್ಲೇ ಕಂಡದ್ದು, ಮೈಯೆಲ್ಲ ಬೆವರಿ, ಕಣ್ಣು ಕೆಂಪಾಗಿ, ಮಿಸುಕದೆ, ಎತ್ತರದ ಕೋಲು ಹಿಡಿದು ನಿಂತ ಮನುಷ್ಯ. ಅವರೇನು ತಿಳಿದಾರು? ಮುಂದಿದ್ದ ಮುದುಕಿ ಅವನ ಕಾಲಿಗೆ ಬಿದ್ದು, ಭಂಡಾರದಲ್ಲಿ ಕೈಯದ್ದಿ ಕೋಲಿಗೆ ಬಳಿದಳು.

"ಬ್ಯಾಡಬೇ ಆಯೀ, ಇದು ಗಾಳದ ಕೋಲು!"

"ಹೌದಪ್ಪಾ ಹೌದು. ಗಾಳಾ ಹಾಕೇ ಅವ್ವ ಭಕ್ತರನ್ನ ಎಳಕೊಳ್ಳತಾಳ."

ಹಿಂದಿದ್ದವರು ಉಧೋ ಎಂದರು. ಎರಡನೆಯವಳು ಕುಂಕುಮ ಹಚ್ಚಿದಳು, ಮೂರನೆಯವಳು ಬೇವು ಕಟ್ಟಿದಳು, ಮತ್ತೊಬ್ಬಳು ಹಸಿರು ಬಳೆ ಏರಿಸಿದಳು. ತಡೆಯೋಣವೆಂದರೆ ಕೈ ಬಿಡಬೇಕು, ಕೈ ಬಿಟ್ಟರೆ ಕನಕಪ್ಪ ಬಂಡಿಯಲ್ಲಿ ಎದ್ದು ಕೂರುತ್ತಾನೆ. ಯಮನೂರಪ್ಪ ಹಲ್ಲು ಕಚ್ಚಿ ನಿಂತೇ ಇದ್ದ. ಅವನು ಹಲ್ಲು ಕಚ್ಚಿದಷ್ಟೂ ಹೆಂಗಸರ ಭಕ್ತಿ ಹೆಚ್ಚಿತು.

ಕೊನೆಗೂ ಸೂರ್ಯ ಮುಳುಗಿದ. "ಗೆದ್ದೆ!" ಎಂದು ಯಮನೂರಪ್ಪ ಚೀರಿದ. ಕನಕಪ್ಪ ಬಂಡಿಯಿಂದಿಳಿದು ಮಾವನಿಗೆ ಕೈ ಮುಗಿದು, "ಹೀರಿಕಾಯಿ ಬಿಟ್ರ ಮೊದಲ ನಿಮಗ ಕಳಸ್ತೀನಿ," ಎಂದು ಎತ್ತು ಹೊಡೆದ. ಭೀಮಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಗಂಡನ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೋಲನ್ನು ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಒಳಗೆ ಒಯ್ದು ಅಟ್ಟಣಿಗೆಯ ಮೇಲಿನ ಗೂಟದ ಮೇಲೆ ಅಡ್ಡಲಾಗಿ ಮಲಗಿಸಿದಳು. ದೀಪ ಹಚ್ಚಿದಳು.

"ಅದು ಮೀನದ ಕೋಲು ಅಂತ ಈಗರ ಇಳಸಂದ್ರಲ್ಲ!" ಎಂದ ಯಮನೂರಪ್ಪ.

"ಆಗ ಮೀನದ್ದಿತ್ತು. ಈಗ ಊರ ಮಂದಿ ಭಂಡಾರ ಹಚ್ಚ್ಯಾರ. ಇನ್ನ ಅದಕ್ಕ ಎರಿಹುಳಾ ಚುಚ್ಚಿ ಹೊಳ್ಯಾಗ ಮುಣಗಸ್ತೀರೇನ್ರಿ? ಕೈ ಹೆಂಗ ಬರತೈತಿ ನಿಮಗ?"

ಕೈ ಬರುವ ಪ್ರಶ್ನೆಯೇ ಇರಲಿಲ್ಲ. ಕೈ ಭುಜದ ಮೇಲೆ ಏಳುತ್ತಲೇ ಇರಲಿಲ್ಲ.

ಮರುದಿನ ನಾಕಾದ ಬಂಡೆಯ ಮೇಲೆ ಉಮರಸಾಬ ಗಾಳ ಹಾಕಿ ಕೂತಿದ್ದ. ಯಮನೂರಪ್ಪ ಎಣ್ಣೆ ತಿಕ್ಕಿದ ತೋಳು ತೂಗಾಡಿಸುತ್ತ ಬಂದು ಪಕ್ಕದಲ್ಲಿ ಕೂತು, ಜೇಬಿನಿಂದ ಬರೀ ದಾರ ತೆಗೆದು, ಹೆಬ್ಬೆರಳಿಗೆ ಸುತ್ತಿ ನೀರಿಗೆ ಬಿಟ್ಟ.

"ಯಾಕೋ, ಬರಿಗೈಲೆ ಬಂದೀ?" ಎಂದ ಉಮರಸಾಬ. "ಅಟ್ಟಣಿಗಿ ಆಗಲಿಲ್ಲೇನ?"

"ಆಗದ ಏನು? ಭಾಳ ಛಲೋ ಆಗೇತಿ."

"ಮತ್ತ ನಿಮ್ಮಪ್ಪನ ಕೋಲ ಎಲ್ಲಿ?"

ಯಮನೂರಪ್ಪ ನೀರಿನ ಮೇಲಿನ ಕಣ್ಣು ತೆಗೆಯದೆ ಹೇಳಿದ. "ಅದರ ಮ್ಯಾಲೇ ಐತಿ. ಇನ್ನ ಅಲುಗಂಗಿಲ್ಲ."